ಬಿಟ್ಟುಹೋದ ಒಂದು ಸಾಲು

ಮನುಷ್ಯನ ಮೈಯೊಳಗೆ ಎರಡು ತಂತಿ ಎಳೆದರೆ ಹೇಗೆ ಎಂದು ಮೊದಲು ಕೇಳಿದವನು ಡಾಕ್ಟರನಲ್ಲ, ಕಾರು ರಿಪೇರಿಯವನು ಎಂದು ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ ಜಂಬ ಕೊಚ್ಚಿಕೊಳ್ಳುತ್ತಾರೆ. ಕೊಚ್ಚಿಕೊಳ್ಳಲಿ ಬಿಡಿ, ಅದರಲ್ಲಿ ಸ್ವಲ್ಪ ನಿಜವೂ ಇದೆ. ಕಾರಿನ ಬ್ರೇಕು, ಬಾಗಿಲು, ಎಂಜಿನ್ನು, ದೀಪ ಎಲ್ಲವೂ ಒಂದರ ಜೊತೆ ಒಂದು ಮಾತಾಡುವುದು ಹೊಸೆದ ಎರಡೇ ಎರಡು ತಂತಿಗಳ ಮೇಲೆ. ಎಂಜಿನಿಯರುಗಳು ಅದನ್ನು ಬಸ್ ಎನ್ನುತ್ತಾರೆ. ಗದಗಿಗೆ ಹೋಗುವ ಬಸ್ಸಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಬೆನ್ನುಹುರಿ ಕಡಿದು ಕುತ್ತಿಗೆಯಿಂದ ಕೆಳಗೆ ಕಟ್ಟಿಗೆಯಂತಾದವನ ಮೈಯಲ್ಲಿ ಅಂಥವೇ ಎರಡು ತಂತಿ ಹಾಯಿಸಿ, ಕುತ್ತಿಗೆಗೊಂದು ಎದೆಗೊಂದು ಬೆಂಕಿಪೊಟ್ಟಣದಷ್ಟು ಡಬ್ಬಿ ಕೂರಿಸಿದರು. ನಾಲ್ಕು ಸೆಕೆಂಡಿಗೊಮ್ಮೆ ಕುತ್ತಿಗೆಯ ಡಬ್ಬಿ ‘ಎಳೆ’ ಎನ್ನುತ್ತದೆ. ಎದೆಯ ಡಬ್ಬಿ ಅದನ್ನು ಕೇಳಿ ಎದೆಗೂಡಿನ ತಳದ ಸ್ನಾಯುವಿಗೆ ಚುರುಕು ಮುಟ್ಟಿಸುತ್ತದೆ. ಮನುಷ್ಯ ಉಸಿರಾಡುತ್ತಾನೆ. ಇಷ್ಟೇ ಸಂಗತಿ. ಈ ಇಷ್ಟೇ ಸಂಗತಿಯ ಮೇಲೆ ಹುಬ್ಬಳ್ಳಿಯ ಚಿಕಿತ್ಸಾ ಕೇಂದ್ರವೊಂದರಲ್ಲೇ ಇನ್ನೂರಕ್ಕೂ ಹೆಚ್ಚು ಜನ ಬದುಕಿದ್ದರು.

ಆ ಕೇಂದ್ರದಲ್ಲಿ ಈ ತಂತಿಗಳನ್ನು, ಅಲ್ಲಿಯವರ ಮಾತಿನಲ್ಲಿ ‘ಲೈನು’, ನೋಡಿಕೊಳ್ಳುತ್ತಿದ್ದವಳು ಕಸ್ತೂರಿ ಬಡಿಗೇರ. ವಯಸ್ಸು ನಲವತ್ತೇಳು. ಕಾರಿನ ವರ್ಕ್‌ಶಾಪಿನಲ್ಲಿ ಹದಿನಾಲ್ಕು ವರ್ಷ ಇದೇ ತಂತಿಗಳ ಜೊತೆ ಏಗಿ ಬಂದವಳು. ಗಂಡ ಫಕ್ಕೀರಪ್ಪ ಲೈನ್‌ಮನ್ ಆಗಿದ್ದವನು ಕಂಬದಿಂದ ಬಿದ್ದ ಮೇಲೆ, ರೋಗಿಯ ಹೆಂಡತಿಯಾಗಿ ಕೇಂದ್ರದ ಮೆಟ್ಟಿಲು ಹತ್ತಿದಳು. ಅಲ್ಲಿನ ಹುಡುಗರು ಲ್ಯಾಪ್‌ಟಾಪಿನ ಮುಂದೆ ಪೇಚಾಡುವುದನ್ನು ನೋಡಲಾಗದೆ, ಸರೀರಿ ನೀವು ಎಂದು ತಾನೇ ಕೂತಳು. ಕೂತವಳನ್ನು ಯಾರೂ ಏಳಿಸಲಿಲ್ಲ.

ಈ ಲೈನಿಗೆ ಮೂರು ಕಟ್ಟಳೆಗಳಿವೆ, ಅವು ತಿಳಿದರೆ ಮುಂದಿನದೆಲ್ಲ ತಿಳಿದಂತೆ. ಮೊದಲನೆಯದು, ಲೈನಿನ ಮೇಲಿರುವ ಎಲ್ಲ ಡಬ್ಬಿಗಳೂ ಒಂದೇ ವೇಗದಲ್ಲಿ ಮಾತಾಡಬೇಕು. ಎರಡನೆಯದು, ಒಬ್ಬರು ಮಾತಾಡಿದ ಮೇಲೆ ಇನ್ನೊಬ್ಬರು ಯಾರಾದರೂ ‘ಹೂಂ’ ಎನ್ನಬೇಕು, ಕಥೆ ಹೇಳುವ ಅಜ್ಜಿಗೆ ಮೊಮ್ಮಕ್ಕಳು ಹೂಂಗುಟ್ಟುವ ಹಾಗೆ. ಯಾರೂ ಹೂಂ ಎನ್ನದಿದ್ದರೆ ಆ ಮಾತು ಆಡಿದಂತಲ್ಲ. ಕೇಳಿದ ಡಬ್ಬಿಯೂ ಅದನ್ನು ಬಿಟ್ಟುಬಿಡುತ್ತದೆ, ಹೇಳಿದ ಡಬ್ಬಿ ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಲೇ ಇರುತ್ತದೆ. ಮೂರನೆಯದು, ಲೈನು ಎದ್ದಿರುವಾಗ ಅದರಲ್ಲಿ ಏನನ್ನೂ ಬದಲಿಸಲಾಗದು. ಮೊದಲು ಲೈನನ್ನು ಮಲಗಿಸಬೇಕು, ಬದಲಿಸಬೇಕು, ಆಮೇಲೆ ಎಬ್ಬಿಸಬೇಕು. ಕಾರಿನಲ್ಲಾದರೆ ಇದರಿಂದ ಯಾರಿಗೂ ನಷ್ಟವಿಲ್ಲ. ಮನುಷ್ಯನಲ್ಲಿ ಹಾಗಲ್ಲ. ಲೈನು ಮಲಗಿದಷ್ಟು ಹೊತ್ತು ಅವನಿಗೆ ಉಸಿರಿಲ್ಲ.

ಅದಕ್ಕೇ ಕಸ್ತೂರಿ ಈ ಕೆಲಸವನ್ನೆಲ್ಲ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಚಿಕ್ಕ ಸ್ಕ್ರಿಪ್ಟಾಗಿ ಬರೆದಿಟ್ಟಿದ್ದಳು. ಕೈಯಿಂದ ಒಂದೊಂದೇ ಆಜ್ಞೆ ಕೊಟ್ಟರೆ ಎರಡು ನಿಮಿಷ ಹಿಡಿಯುತ್ತಿದ್ದ ಕೆಲಸ ಸ್ಕ್ರಿಪ್ಟಿನಲ್ಲಿ ಹನ್ನೊಂದು ಸೆಕೆಂಡಿಗೆ ಮುಗಿಯುತ್ತಿತ್ತು. ಮಲಗಿಸು, ವೇಗ ಹೇಳು, ಮಾತಾಡುವ ರೀತಿ ಹೇಳು, ಎಬ್ಬಿಸು. ಇಪ್ಪತ್ತಾರು ಸಾಲು. ಬೇರೆ ಊರಿನ ಕೇಂದ್ರದವರೂ ಅದನ್ನೇ ನಕಲು ಮಾಡಿಕೊಂಡಿದ್ದರು. ಸ್ಕ್ರಿಪ್ಟಿನ ಜೊತೆಗೆ ಅವಳ ಇನ್ನೊಂದು ಪದ್ಧತಿಯೂ ಕೇಂದ್ರದಲ್ಲಿ ರೂಢಿಯಾಗಿತ್ತು. ಲೈನು ಮಲಗಿಸಿದ ಕೂಡಲೇ ಲ್ಯಾಪ್‌ಟಾಪಿನ ಮುಂದೆ ಕೂತವರು ತಾವೂ ಉಸಿರು ಕಟ್ಟಬೇಕು, ರೋಗಿಯ ಎದೆ ಏಳುವ ತನಕ ಬಿಡಬಾರದು. ಗಂಡನ ಲೈನಿನಲ್ಲಿ ಮೊದಲ ಸಲ ಕೈಯಾಡಿಸಿದ ದಿನ ಭಯಕ್ಕೆ ಅವಳ ಉಸಿರು ತಾನಾಗಿ ಕಟ್ಟಿತ್ತು. ಆಮೇಲೆ ಅದೇ ಪದ್ಧತಿಯಾಯಿತು. ಹೊಸದಾಗಿ ಬಂದವರು ನಕ್ಕರೆ, ನಗಬ್ಯಾಡ್ರಿ, ಇದರಷ್ಟು ಖರೆ ಗಡಿಯಾರ ಇನ್ನೊಂದಿಲ್ಲ ಎನ್ನುತ್ತಿದ್ದಳು.

ಎಂಟು ವರ್ಷದ ಹಿಂದೆ ಒಂದು ಕಂಟಕ ಬಂದಿತ್ತು. ಮೊದಲ ತಳಿಯ ಎದೆಡಬ್ಬಿಗಳು ಶುದ್ಧ ಬಾಯಿಬಡುಕ ಜಾತಿಯವು. ಹೇಳುವುದೇನೂ ಇಲ್ಲದಿದ್ದರೂ ಲೈನಿನ ಮೇಲೆ ಗದ್ದಲವೆಬ್ಬಿಸಿ, ಕುತ್ತಿಗೆಯ ಡಬ್ಬಿಯ ‘ಎಳೆ’ ಯಾರಿಗೂ ಕೇಳದಂತೆ ಮಾಡುತ್ತಿದ್ದವು. ಬೇರೆ ಡಬ್ಬಿ ಹಾಕಬೇಕೆಂದರೆ ಮತ್ತೆ ಎದೆ ಕೊಯ್ಯಬೇಕು. ಕಸ್ತೂರಿ ಸ್ಕ್ರಿಪ್ಟಿಗೆ ಒಂದು ಸಾಲು ಸೇರಿಸಿದಳು. ಎದೆಡಬ್ಬಿ ಇನ್ನು ಮೇಲೆ ಕೇಳಬೇಕು ಅಷ್ಟೇ, ಮಾತಾಡಬಾರದು. ಹೂಂ ಕೂಡ ಎನ್ನಬಾರದು. ಗದ್ದಲ ನಿಂತಿತು. ಹೂಂ ಎನ್ನುವುದಕ್ಕೆ ಬೇರೆಯವರಿದ್ದರು. ಕೈಗೆ, ಕಾಲಿಗೆ ಡಬ್ಬಿ ಇದ್ದವರಿಗೆ ಆ ಡಬ್ಬಿಗಳಿದ್ದವು. ಎರಡೇ ಡಬ್ಬಿಯ ರೋಗಿಗಳಿಗೆ ಹಾಸಿಗೆಯ ಪಕ್ಕದ ಗೋಡೆಪೆಟ್ಟಿಗೆ ಇತ್ತು. ಕರೆಂಟು ಕೊಡುವುದೂ ಅದೇ, ಏನಾದರೂ ಆದರೆ ಕೂಗಿಕೊಳ್ಳುವುದೂ ಅದೇ. ಆ ಒಂದು ಸಾಲಿಗೆ ಕಸ್ತೂರಿಗೆ ಶಾಲು ಹೊದಿಸಿ ಸನ್ಮಾನ ಮಾಡಿದ್ದರು.

ಎರಡೇ ಡಬ್ಬಿಯವರು ಒಟ್ಟು ಹನ್ನೊಂದು ಮಂದಿ. ಅವರಲ್ಲಿ ಫಕ್ಕೀರಪ್ಪನೂ ಒಬ್ಬ. ಗೋಡೆಪೆಟ್ಟಿಗೆಯ ವೈರು ಎಷ್ಟು ಉದ್ದವೋ ಅವರ ಲೋಕ ಅಷ್ಟೇ ಉದ್ದ. ಎಂಟು ವರ್ಷ ಅವನು ನೋಡಿದ್ದು ಒಂದು ಫ್ಯಾನು, ಒಂದು ಕಿಟಕಿ, ಕಿಟಕಿಯಾಚೆ ಪಕ್ಕದ ಮನೆಯ ನೀರಿನ ಟಾಕಿ. ಹೀಗಿರುವಾಗ ಬ್ಯಾಟರಿ ಇರುವ ಗಾಲಿಕುರ್ಚಿ ಬಂತು. ವೈರು ಕಿತ್ತು ಕುರ್ಚಿಗೆ ಕೂರಿಸಿದರೆ ಮೂರು ತಾಸು ಹೊರಗಡೆ ಅಡ್ಡಾಡಬಹುದು. ಹನ್ನೊಂದು ಮನೆಗಳಲ್ಲೂ ಹಬ್ಬದ ಸಡಗರ. ಕಸ್ತೂರಿ ಮನೆಮನೆಗೆ ಹೋಗಿ ಪರೀಕ್ಷೆ ಮಾಡಿದಳು. ಲ್ಯಾಪ್‌ಟಾಪನ್ನು ಲೈನಿಗೆ ಸಿಕ್ಕಿಸಿ, ಕುರ್ಚಿಯ ಬ್ಯಾಟರಿ ಜೋಡಿಸಿ, ಗೋಡೆಪೆಟ್ಟಿಗೆಯ ವೈರು ತೆಗೆದು, ಹತ್ತು ನಿಮಿಷ ನೋಡಿದಳು. ಎಲ್ಲರೂ ಸಲೀಸಾಗಿ ಉಸಿರಾಡಿದರು. ಎಲ್ಲರ ಕಾಗದದ ಮೇಲೂ ಸಹಿ ಹಾಕಿದಳು.

ಮೊದಲು ಹೊರಗೆ ಹೊರಟವನು ಚನ್ನಬಸಪ್ಪ ಹಡಪದ. ಹಳೇ ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ಕ್ಷೌರದ ಅಂಗಡಿ ಇಟ್ಟವನು. ಈಗ ಅಂಗಡಿ ನಡೆಸುತ್ತಿದ್ದವನು ಮಗ ನಿಂಗರಾಜ. ಅಂಗಡಿ ನೋಡಬೇಕೆಂಬುದೊಂದೇ ಮುದುಕನ ಆಸೆ. ಗುರುವಾರ ಬೆಳಿಗ್ಗೆ ಮಗ ಅಪ್ಪನಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿ, ಕುರ್ಚಿಗೆ ಕೂರಿಸಿ, ಕೇಂದ್ರದವರು ತೋರಿಸಿಕೊಟ್ಟಂತೆಯೇ ತನ್ನ ಕೈಯಾರೆ ವೈರು ಕಿತ್ತ. ಓಣಿಯ ತಿರುವು ದಾಟಿದರೆ ಅಂಗಡಿ. ತಿರುವಿನಲ್ಲಿ ಅಪ್ಪನ ಮುಖ ನೋಡಿದ, ಕಣ್ಣಲ್ಲಿ ನೀರಿತ್ತು. ಇಷ್ಟು ದಿನದ ಮೇಲೆ ಓಣಿ ನೋಡಿದ ಸಂತೋಷ ಎಂದುಕೊಂಡ. ಇನ್ನೂ ಇಪ್ಪತ್ತು ಹೆಜ್ಜೆ ತಳ್ಳಿದ. ತುಟಿ ನೀಲಿಯಾದದ್ದು ಕಂಡು ಕುರ್ಚಿಯನ್ನು ತಿರುಗಿಸಿ ಓಡಿದ. ಮನೆಗೆ ಬಂದು ವೈರು ಸಿಕ್ಕಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದ ತಾಯಿ ಸಂಗವ್ವ ಮಗನಿಗೆ ಒಂದೇ ಮಾತು ಅಂದಳಂತೆ, “ನಿನ್ನ ಕೈಯಾರೆ ಕಿತ್ತೆಲ್ಲೋ.” ಆಮೇಲೆ ಅವನ ಜೊತೆ ಮಾತು ಬಿಟ್ಟಳು.

ಕೇಂದ್ರದ ವರದಿ ಎರಡು ದಿನದಲ್ಲಿ ಸಿದ್ಧವಾಯಿತು. ಮನೆಯವರು ವೈರು ತೆಗೆಯುವಾಗ ಅಜಾಗರೂಕತೆ ತೋರಿದ್ದಾರೆ, ಕುರ್ಚಿಯ ಹಿಂದಿದ್ದ, ಉಸಿರು ಕೊಡುವ ಕೈಪಂಪನ್ನು ಬಳಸಿಲ್ಲ. ಕೈಪಂಪಿನ ಮಾತು ಸುಳ್ಳಲ್ಲ. ಆದರೆ ಬಳಸಬೇಕೆಂದು ತಿಳಿಯುವುದಕ್ಕೆ ಯಾವ ಗಂಟೆಯೂ ಮೊಳಗಲಿಲ್ಲ. ಗಂಟೆ ಇದ್ದದ್ದು ಗೋಡೆಪೆಟ್ಟಿಗೆಯಲ್ಲಿ. ಅದನ್ನು ಯಾರೂ ಬರೆಯಲಿಲ್ಲ.

ಮೂರನೆಯ ದಿನ, ಶನಿವಾರ, ಚನ್ನಬಸಪ್ಪನ ಮೈಯಿಂದ ತೆಗೆದ ಎರಡು ಡಬ್ಬಿಗಳೂ ಕಸ್ತೂರಿಯ ಮೇಜಿಗೆ ಬಂದವು. ನಿಯಮದಂತೆ ಅವುಗಳ ನೆನಪನ್ನು ಓದಿ ಕಡತಕ್ಕೆ ಸೇರಿಸಬೇಕಿತ್ತು. ಕುತ್ತಿಗೆಡಬ್ಬಿಯ ದಾಖಲೆ ತೆರೆದಳು. ಗುರುವಾರ ಬೆಳಿಗ್ಗೆ ಹತ್ತು ನಲವತ್ತೆರಡರವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಪರದೆಯ ತುಂಬ ಒಂದೇ ಸಾಲು. ‘ಎಳೆ’, ಕ್ರಮಸಂಖ್ಯೆ ಅದೇ. ಮತ್ತೆ ‘ಎಳೆ’, ಕ್ರಮಸಂಖ್ಯೆ ಅದೇ. ಸೆಕೆಂಡಿಗೆ ನೂರಾರು ಸಲ, ಪುಟಗಟ್ಟಲೆ, ವೈರು ಮತ್ತೆ ಸಿಕ್ಕಿಸುವ ತನಕ. ಡಬ್ಬಿ ಕೆಟ್ಟಿರಲಿಲ್ಲ. ಅದು ಹೇಳುತ್ತಲೇ ಇತ್ತು, ಯಾರೂ ಹೂಂ ಎಂದಿರಲಿಲ್ಲ.

ಅದು ಹೇಗೆ ಸಾಧ್ಯ ಎಂದುಕೊಂಡಳು. ಪರೀಕ್ಷೆಯ ದಿನ ಗೋಡೆಪೆಟ್ಟಿಗೆ ತೆಗೆದೇ ನೋಡಿದ್ದೆನಲ್ಲ. ಎರಡೂ ಡಬ್ಬಿಗಳನ್ನು ಮೇಜಿನ ಮೇಲೆ ಜೋಡಿಸಿ, ಬ್ಯಾಟರಿ ಕೊಟ್ಟು, ಲ್ಯಾಪ್‌ಟಾಪನ್ನು ಸಿಕ್ಕಿಸಿದಳು. ಎದೆಡಬ್ಬಿಯ ಹಸಿರು ದೀಪ ನಾಲ್ಕು ಸೆಕೆಂಡಿಗೊಮ್ಮೆ ಮಿನುಗಿತು. ಸರಿಯಾಗಿಯೇ ಇದೆ. ಲ್ಯಾಪ್‌ಟಾಪಿನ ಕೇಬಲ್ ಕಿತ್ತಳು. ದೀಪ ಆರಿತು. ಸಿಕ್ಕಿಸಿದಳು, ಮಿನುಗಿತು. ಕಿತ್ತಳು, ಆರಿತು. ಏಳೆಂಟು ಸಲ ಹೀಗೆ ಮಾಡಿದ ಮೇಲೆ ಅವಳ ಕೈ ಕೇಬಲ್ಲಿನ ಮೇಲೇ ನಿಂತಿತು.

ಹೂಂ ಎಂದದ್ದು ಅವಳ ಲ್ಯಾಪ್‌ಟಾಪು. ಹನ್ನೊಂದು ಮನೆಗಳಲ್ಲೂ ಅದೇ ಹೂಂ ಎಂದಿತ್ತು. ನೋಡಲು ಹೋದವಳು ಸುಮ್ಮನೆ ನೋಡಬೇಕಿತ್ತು. ತನ್ನ ಕಡೆಯ ಲೈನನ್ನೂ ಕೇಳುವುದಷ್ಟೇ ಎಂಬ ರೀತಿಗೆ ಹಾಕಬೇಕಿತ್ತು. ಎದೆಡಬ್ಬಿಯ ಬಾಯಿ ಕಟ್ಟಲು ಒಂದು ಸಾಲು ಬರೆದು ಶಾಲು ಹೊದ್ದವಳು ಪರೀಕ್ಷೆಯ ಸ್ಕ್ರಿಪ್ಟಿನಲ್ಲಿ ತನ್ನ ಬಾಯಿ ಕಟ್ಟುವ ಸಾಲನ್ನೇ ಬಿಟ್ಟಿದ್ದಳು. ಈಗ ಆ ಸಾಲು ಸೇರಿಸಿ ಓಡಿಸಿದಳು. ಎದೆಡಬ್ಬಿಯ ದೀಪ ಆರಿತು, ಪರದೆ ಅದೇ ಒಂದು ‘ಎಳೆ’ಯಿಂದ ತುಂಬತೊಡಗಿತು. ಕಸ್ತೂರಿ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಮುಖ್ಯಸ್ಥರ ಕೋಣೆಗೆ ನಡೆದಳು.

ಕೇಂದ್ರದ ಮುಖ್ಯಸ್ಥರು ವಾದಿರಾಜ ಕಟ್ಟಿ ಡಾಕ್ಟರು. ಕೆಟ್ಟ ಮನುಷ್ಯನಲ್ಲ. ಕಸ್ತೂರಿ ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿ, ಕನ್ನಡಕ ತೆಗೆದು ಮೂಗು ತಿಕ್ಕಿಕೊಂಡರು. ನಿಂಗರಾಜನ ಮನೆಗೆ ಈಗಲೇ ಹೋಗಿ ಹೇಳುತ್ತೇನೆ ಎಂದಳು ಅವಳು. ಡಾಕ್ಟರು ಕೂರಲು ಹೇಳಿದರು. ಹೇಳಿದರೆ ಏನಾಗುತ್ತದೆ ಎಂದು ನಿಧಾನವಾಗಿ ಬಿಡಿಸಿಟ್ಟರು. ನಾಳೆ ಪೇಪರಿನಲ್ಲಿ ಬರುತ್ತದೆ, ನಾಡಿದ್ದು ಕೇಂದ್ರಕ್ಕೆ ಬೀಗ. ಉಳಿದ ಹತ್ತು ಮಂದಿಯ ಲೈನನ್ನು ಸರಿಪಡಿಸಬಲ್ಲವಳು ಇಡೀ ಜಿಲ್ಲೆಯಲ್ಲಿ ಅವಳೊಬ್ಬಳೇ. ಅವಳನ್ನೇ ಮೊದಲು ಅಮಾನತ್ತು ಮಾಡುತ್ತಾರೆ. ಕುರ್ಚಿಗೇ ಹೂಂ ಎನ್ನುವ ಮೂರನೆಯ ಡಬ್ಬಿಯೊಂದನ್ನು ಕಟ್ಟಬಹುದು ನಿಜ, ಆದರೆ ಅದಕ್ಕೆ ಮೇಲಿನವರ ಒಪ್ಪಿಗೆ ಬೇಕು, ಒಪ್ಪಿಗೆಗೆ ಕಾರಣ ಬರೆಯಬೇಕು.

“ಹೋದವ ಹೋದಾ. ಇನ್ನೂ ಹತ್ತು ಮಂದಿ ಇದ್ದಾರ,” ಎಂದರು. “ಮೊದಲ ಅವರದು ಮುಗಿಸ್ರಿ. ಆಮ್ಯಾಲೆ ನಾನೇ ನಿಮ್ಮ ಜೋಡಿ ಬರ್ತೀನಿ.”

ಆ ಮಾತಿನಲ್ಲಿ ತಪ್ಪು ಹುಡುಕಲು ಅವಳಿಗೆ ಸಿಗಲಿಲ್ಲ. ಸಿಗಲಿಲ್ಲ ಎನ್ನುವುದಕ್ಕಿಂತ ಹುಡುಕುವ ಮನಸ್ಸಿರಲಿಲ್ಲ ಎಂದರೆ ಸರಿಯಾದೀತು. ಹತ್ತು ಮಂದಿಯಲ್ಲಿ ಒಬ್ಬ ಅವಳ ಗಂಡ.

ಕುರ್ಚಿಗಳನ್ನು ತಪಾಸಣೆಗೆಂದು ಹಿಂದಕ್ಕೆ ತರಿಸಿದರು. ಎದೆಡಬ್ಬಿಗಳಿಗೆ ಮತ್ತೆ ಬಾಯಿ ಕೊಡಬೇಕು, ಅದೇ ದಾರಿ. ಗದ್ದಲವೆಬ್ಬಿಸದಿರಲು ಇಡೀ ಲೈನಿನ ವೇಗವನ್ನು ಕಾಲು ಭಾಗಕ್ಕಿಳಿಸಬೇಕು. ಎಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದ ಡಬ್ಬಿ ಬಾಯಿ ತೆರೆದಾಗ ಏನು ಮಾಡುತ್ತದೋ ಹೇಳಬರುವಂತಿರಲಿಲ್ಲ. ಕಸ್ತೂರಿ ಮೊದಲು ಗಂಡನದನ್ನೇ ಆರಿಸಿಕೊಂಡಳು. ಬೇರೆಯವರ ಮನೆಯ ಜೀವದ ಮೇಲೆ ಪ್ರಯೋಗ ಮಾಡಲಾರೆ ಎಂದು ಡಾಕ್ಟರಿಗೆ ಹೇಳಿದಳು. ಅದು ಅರ್ಧ ನಿಜ.

ಮಂಗಳವಾರ ಮಧ್ಯಾಹ್ನ ನರ್ಸ್ ರೆಹಮತ್‌ಬಿ ಕೈಪಂಪು ಹಿಡಿದು ಹಾಸಿಗೆಯ ತಲೆಭಾಗದಲ್ಲಿ ನಿಂತಳು. ಅರುವತ್ತು ಸೆಕೆಂಡು ದಾಟಿದರೆ ಒತ್ತಲು ಶುರು ಮಾಡಬೇಕೆಂದು ಮಾತಾಗಿತ್ತು. ಕಸ್ತೂರಿ ಗಂಡನ ಹಣೆ ಮುಟ್ಟಿ, ಶುರು ಮಾಡ್ಲೇನ್ರಿ ಎಂದು ಕೇಳಿದಳು. ಅವನು ಕಣ್ಣು ಮುಚ್ಚಿ ತೆರೆದ. ಸ್ಕ್ರಿಪ್ಟ್ ಓಡಿಸಿದಳು, ಉಸಿರು ಕಟ್ಟಿದಳು. ಲೈನು ಮಲಗಿತು. ಎದೆಡಬ್ಬಿಗೆ ಹೊಸ ವೇಗ, ಕುತ್ತಿಗೆಡಬ್ಬಿಗೆ, ಗೋಡೆಪೆಟ್ಟಿಗೆಗೆ ಹೊಸ ವೇಗ, ರೀತಿ ಬದಲು, ಎಬ್ಬಿಸು. ಲೈನು ಎದ್ದಿತು, ಎದ್ದ ಕೂಡಲೇ ಗದ್ದಲ. ಎದೆಡಬ್ಬಿ ತಪ್ಪುತಪ್ಪಾಗಿ ಅರಚಿ, ತನ್ನ ತಪ್ಪುಗಳ ಲೆಕ್ಕ ಮಿತಿ ಮೀರಿದ್ದರಿಂದ ತಾನೇ ಲೈನಿನಿಂದ ಹೊರಬಿದ್ದು ಸುಮ್ಮನಾಯಿತು. ಇಪ್ಪತ್ತೆಂಟು ಸೆಕೆಂಡು. ಮತ್ತೆ ಮಲಗಿಸಿದಳು. ವೇಗವನ್ನು ಇನ್ನೂ ಅರ್ಧಕ್ಕಿಳಿಸಿದಳು. ಬೆರಳು ತಪ್ಪು ಕೀಲಿ ಒತ್ತಿ, ಅಳಿಸಿ, ಮತ್ತೆ ಒತ್ತಬೇಕಾಯಿತು. ಎದುರಿಗೆ ಗಂಡನ ಕಣ್ಣು ಅವಳನ್ನೇ ನೋಡುತ್ತಿತ್ತು. ಐವತ್ತು ಸೆಕೆಂಡಿನ ಹೊತ್ತಿಗೆ ಅವಳ ಎದೆ ಸೀಳುವಂತಾಗಿ ಉಸಿರು ಬಿಟ್ಟುಬಿಟ್ಟಳು. ಇಷ್ಟು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು. ತಾನು ಗಾಳಿ ಎಳೆದುಕೊಂಡಳು, ಅವನು ಎಳೆದುಕೊಳ್ಳಲಾಗದೆ ನೋಡುತ್ತಿದ್ದ.

ರೆಹಮತ್‌ಬಿ ಪಂಪಿಗೆ ಕೈ ಹಾಕಿದಳು. ಎರಡು ಸಲ ಒತ್ತುವಷ್ಟರಲ್ಲಿ ಲೈನು ಎದ್ದಿತು. ‘ಎಳೆ’, ಹೂಂ. ‘ಎಳೆ’, ಹೂಂ. ಎದೆ ಏರಿತು, ಇಳಿಯಿತು. ಕಸ್ತೂರಿ ಲ್ಯಾಪ್‌ಟಾಪಿನ ಕೇಬಲ್ ಕಿತ್ತಳು, ಕುರ್ಚಿಯ ಬ್ಯಾಟರಿ ಜೋಡಿಸಿ ಗೋಡೆಪೆಟ್ಟಿಗೆಯ ವೈರನ್ನೂ ಕಿತ್ತಳು, ಎರಡನ್ನೂ ಕೈಯಲ್ಲಿ ಹಿಡಿದು ಕಾಲು ತಾಸು ನಿಂತೇ ಇದ್ದಳು. ಅವನ ಎದೆ ಏರಿಳಿಯುತ್ತಲೇ ಇತ್ತು. ಅವಳು ಅತ್ತಳು. ಫಕ್ಕೀರಪ್ಪನಿಗೂ ಅಳು ಬಂತು, ಒರೆಸಿಕೊಳ್ಳಲು ಕೈ ಏಳುತ್ತಿರಲಿಲ್ಲ. ರೆಹಮತ್‌ಬಿ ತನ್ನ ಸೆರಗಿನಿಂದ ಒರೆಸಿದಳು.

ಐದು ದಿನ ಕಾದು ಅವನನ್ನು ಕುರ್ಚಿಯಲ್ಲಿ ಅಂಗಳಕ್ಕೆ ತಂದಳು. ಎಂಟು ವರ್ಷದಲ್ಲಿ ಮೊದಲ ಸಲ ಬಿಸಿಲು ಅವನ ಮುಖದ ಮೇಲೆ ಬಿತ್ತು. ಎದುರುಮನೆಯವರು ಬಂದು ಮಾತಾಡಿಸಿದರು. ಒಂದು ಕಂಬದ ಮೇಲಿನ ತಂತಿಯ ಕಟ್ಟು ನೋಡಿ ಫಕ್ಕೀರಪ್ಪ, ಯಾವ ಮಂಗ್ಯಾ ಕಟ್ಟ್ಯಾನ ಇದನ್ನ ಎಂದು ಬೈದ. ಕಸ್ತೂರಿ ನಕ್ಕಳು. ಆ ನಗುವಿನ ಬೆನ್ನಿಗೇ ನಿಂಗರಾಜನ ನೆನಪಾಗಿ, ಅವಳಿಗೆ ಮುಂದೆ ಬಚ್ಚಿಡಲಾಗಲಿಲ್ಲ. ಗಂಡನ ಪಕ್ಕ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದಳು. ಲ್ಯಾಪ್‌ಟಾಪು, ಬಿಟ್ಟ ಸಾಲು, ಡಾಕ್ಟರ ಮಾತು.

ಅವನ ಮಾತು ಉಸಿರು ಸಿಕ್ಕಷ್ಟು ಮಾತ್ರ, ತುಂಡು ತುಂಡು.

“ಆ ಹುಡುಗಗ ಹೇಳಿದ್ಯಾ?”

“ಇಲ್ರಿ. ಎಲ್ಲಾರದೂ ಮುಗೀಲಿ ಅಂತ...”

“ಒಳಗ ಕರ್ಕೊಂಡ ನಡಿ.”

ಬಿಸಿಲು ಹೆಚ್ಚಾಯಿತೇನೋ ಎಂದುಕೊಂಡಳು. ಅಲ್ಲ. “ಅವಗ ಹೇಳಿ ಬಾ,” ಎಂದ. “ಅಲ್ಲೀತನಕ ನಾ... ಹೊರಗ ಬರಂಗಿಲ್ಲ.”

ಅಂದಂತೆಯೇ ಮಾಡಿದ. ಎಷ್ಟು ಕರೆದರೂ ಬರಲಿಲ್ಲ. ಕುರ್ಚಿ ಗೋಡೆಗೆ ಆತು ನಿಂತಿತು, ಅವನು ಮತ್ತೆ ಫ್ಯಾನು ನೋಡುತ್ತ ಮಲಗಿದ. ಕಸ್ತೂರಿಗೆ ಸಿಟ್ಟು ಬಂತು. ನೀವಷ್ಟೇ ಅಲ್ಲ, ಇನ್ನೂ ಒಂಬತ್ತು ಮನೆಯವರು ಇದ್ದಾರೆ, ಅವರ ಗತಿಯೇನು ಎಂದು ವಾದಿಸಿದಳು. ಅವನು ವಾದಿಸಲಿಲ್ಲ. ಉಸಿರು ಉಳಿಸಿಕೊಂಡ.

ರೆಹಮತ್‌ಬಿಯ ಮನೆ ನಿಂಗರಾಜನ ಓಣಿಯಲ್ಲೇ. ಅವಳಿಗೆ ಒಳಗಿನ ಸಂಗತಿ ಗೊತ್ತಿರಲಿಲ್ಲ, ಆದ್ದರಿಂದ ಓಣಿಯ ಸುದ್ದಿಯನ್ನೆಲ್ಲ ಚಹಾ ಕುಡಿಯುತ್ತ ಹೇಳುತ್ತಿದ್ದಳು. ನಿಂಗರಾಜನ ಅಂಗಡಿಗೆ ಗಿರಾಕಿ ಹೋಗುವುದು ನಿಂತಿದೆಯಂತೆ. ಅಪ್ಪನ ವೈರು ಕಿತ್ತವನ ಕೈಗೆ ಕತ್ತಿ ಕೊಟ್ಟು ಕುತ್ತಿಗೆ ಒಡ್ಡಲು ಯಾರಿಗೆ ಧೈರ್ಯ ಎಂದು ಮಂದಿ ಆಡಿಕೊಳ್ಳುತ್ತಾರಂತೆ. ಸಂಗವ್ವ ಮಗನ ಕೈಯ ಅನ್ನ ನೀರು ಮುಟ್ಟುವುದಿಲ್ಲ. ಸೊಸೆ ಕೊಟ್ಟರೂ, ಅವನು ತಂದದ್ದೋ ನೀನು ತಂದದ್ದೋ ಎಂದು ಕೇಳಿಯೇ ಬಾಯಿಗಿಡುತ್ತಾಳೆ. ಮೈ ಸೊರಗಿ ಅರ್ಧವಾಗಿದ್ದಾಳೆ. ಕಸ್ತೂರಿ ಇದನ್ನೆಲ್ಲ ಕೇಳುತ್ತ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿರುತ್ತಿದ್ದಳು. ಒಂದು ದಿನ ಸಂಜೆ ಆ ಓಣಿಯ ತಿರುವಿನವರೆಗೂ ಹೋದಳು. ದೂರದಿಂದ ಅಂಗಡಿ ಕಂಡಿತು. ನಿಂಗರಾಜ ಖಾಲಿ ಕುರ್ಚಿಯ ಧೂಳು ಜಾಡಿಸುತ್ತಿದ್ದ. ಇನ್ನೂ ಆರು ಮಂದಿ ಉಳಿದಿದ್ದರು. ಇವತ್ತು ಹೇಳಿ ನಾಳೆ ನನ್ನನ್ನು ತೆಗೆದುಹಾಕಿದರೆ ಆ ಆರು ಮಂದಿಯನ್ನು ಕೊಂದವಳೂ ನಾನೇ ಆಗುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡು ಮರಳಿದಳು. ಅದರಲ್ಲಿ ಎಷ್ಟು ಅವರಿಗಾಗಿ, ಎಷ್ಟು ತನಗಾಗಿ ಎಂಬುದು ಅವಳಿಗೇ ತಿಳಿಯದು, ನಾವು ಹೇಗೆ ಹೇಳೋಣ.

ಕೆಲಸ ಮಾತ್ರ ಒಂದು ದಿನವೂ ನಿಲ್ಲಿಸಲಿಲ್ಲ. ವಾರಕ್ಕೆ ಇಬ್ಬರು. ಪ್ರತಿಯೊಬ್ಬರನ್ನೂ ಬದಲಿಸಿದ ಮೇಲೆ ದಿನವೂ ಹೋಗಿ ಲೈನು ನೋಡಿ ಬರುವುದು, ಈ ಸಲ ತನ್ನ ಕಡೆಯ ಬಾಯಿ ಕಟ್ಟಿಯೇ ನೋಡುವುದು. ಕುಂದಗೋಳದ ಒಬ್ಬ ಮುದುಕಿಯದು ಮೂರು ಸಲ ಬಿದ್ದು ನಾಲ್ಕನೆಯ ಸಲ ಎದ್ದಿತು. ಕಲಘಟಗಿಯ ಟೀಚರೊಬ್ಬರದು ಮೊದಲ ಸಲಕ್ಕೇ ಎದ್ದು, ಅವರು ಸಂತೋಷಕ್ಕೆ ಕಸ್ತೂರಿಗೆ ಸೀರೆ ಕೊಟ್ಟು ಕಳಿಸಿದರು. ಆ ಸೀರೆಯನ್ನು ಅವಳು ಪೊಟ್ಟಣ ಬಿಚ್ಚದೆ ಕಪಾಟಿನ ಮೇಲೆ ಎಸೆದಳು. ಯಾರಿಗೂ ಏನೂ ಆಗಲಿಲ್ಲ. ಫಕ್ಕೀರಪ್ಪನೊಬ್ಬನನ್ನು ಬಿಟ್ಟು ಒಬ್ಬೊಬ್ಬರಾಗಿ ಎಲ್ಲರೂ ವೈರು ಕಿತ್ತು ಹೊರಗೆ ಬಂದರು.

ಆರನೆಯ ವಾರದ ಸೋಮವಾರ ಕೊನೆಯವನದು ಮುಗಿಯಿತು. ಡಾಕ್ಟರ ಕೋಣೆಗೆ ಹೋದಳು. ಅವರು ಕ್ಯಾಲೆಂಡರ್ ನೋಡಿ, ಈ ವಾರ ಬೆಂಗಳೂರಿನಿಂದ ತಪಾಸಣೆಗೆ ಬರುವವರಿದ್ದಾರೆ, ಅದೊಂದು ದಾಟಲಿ ಎಂದರು. ಕಸ್ತೂರಿ ಚೀಲದಿಂದ ಎರಡು ಲಕೋಟೆ ತೆಗೆದಳು. ನಡೆದದ್ದನ್ನೆಲ್ಲ, ದಿನಾಂಕ ಸಮೇತ, ಬಿಟ್ಟುಹೋದ ಸಾಲಿನ ಸಮೇತ ಬರೆದು ಸಹಿ ಮಾಡಿದ ಕಾಗದ. ಒಂದನ್ನು ಅವರ ಮೇಜಿನ ಮೇಲಿಟ್ಟಳು. ಇನ್ನೊಂದನ್ನು ಹಿಡಿದುಕೊಂಡು ಹೊರಬಿದ್ದಳು. ಡಾಕ್ಟರು ಹಿಂದಿನಿಂದ ಕರೆದರು. ಅವಳು ತಿರುಗಲಿಲ್ಲ.

ನಿಂಗರಾಜನ ಅಂಗಡಿಯ ಬಾಗಿಲು ಮುಚ್ಚಿತ್ತು. ಪಕ್ಕದ ಕಿರಾಣಿಯವನು, ಮನೀಗ ಹೋಗ್ರಿ, ಮನ್ಯಾಗ ಅದಾನ ಎಂದ. ರೆಹಮತ್‌ಬಿಯನ್ನು ಜೊತೆಗೆ ಕರೆದುಕೊಳ್ಳೋಣವೆಂದರೆ ಅವಳು ತಂಗಿಯ ಮಗಳ ಮದುವೆಗೆಂದು ಹತ್ತು ದಿನದಿಂದ ಬಿಜಾಪುರದಲ್ಲಿದ್ದಳು. ಕಸ್ತೂರಿ ಒಬ್ಬಳೇ ಹೋದಳು.

ನಿಂಗರಾಜ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ಗುರುತು ಹಿಡಿದು ಎದ್ದು, ಬರ್ರಿ ಅಕ್ಕಾರ ಎಂದು ಸ್ಟೂಲು ಎಳೆದು ಹಾಕಿದ. ಅವಳು ಸ್ಟೂಲು ಬಿಟ್ಟು ನೆಲದ ಮೇಲೇ ಕೂತಳು. ಸುತ್ತ ನೋಡಿದರೆ ಎಲ್ಲಿ ಧೈರ್ಯ ಹೋಗುತ್ತದೋ ಎಂದು ತಲೆ ತಗ್ಗಿಸಿ ಒಂದೇ ಉಸಿರಿಗೆ ಹೇಳತೊಡಗಿದಳು. ನೀನು ವೈರು ಕಿತ್ತದ್ದು ಸರಿಯಾಗಿಯೇ ಇತ್ತು ಎಂದು ಮೊದಲು ಹೇಳಿದಳು. ಯಾರು ಕಿತ್ತಿದ್ದರೂ ಅದೇ ಆಗುತ್ತಿತ್ತು, ತಾನು ಕಿತ್ತಿದ್ದರೂ ಆಗುತ್ತಿತ್ತು. ತಪ್ಪು ತನ್ನ ಸ್ಕ್ರಿಪ್ಟಿನದು, ತನ್ನದು. ಹೂಂ ಎನ್ನುವ ಕಟ್ಟಳೆಯಿಂದ ಹಿಡಿದು ಮೇಜಿನ ಮೇಲಿನ ಹಸಿರು ದೀಪದವರೆಗೆ ಒಂದನ್ನೂ ಬಿಡದೆ ಹೇಳಿದಳು.

“ಇದು ನಿಮಗ ಯಾವಾಗ ಗೊತ್ತಾತ್ರಿ?” ಎಂದ ಕೊನೆಗೆ.

“ಮೂರನೇ ದಿನಕ್ಕ.”

ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಅವಳು ಕಾದಳು. ಹಾಗಾದರೆ ಒಳ್ಳೆಯದೆಂದೂ ಅನಿಸಿತು. ಆಗ ಒಳಗಿನ ಕೋಣೆಯ ಕಡೆ ಅವಳ ಕಣ್ಣು ಹೋಯಿತು. ಗೋಡೆಗೆ ಚನ್ನಬಸಪ್ಪನ ಫೋಟೋ ಇತ್ತು. ಅದರ ಕೆಳಗೆ ಮಣೆಯ ಮೇಲೆ ಇನ್ನೊಂದು ಫೋಟೋ, ಹೊಸ ಕಟ್ಟಿನದು, ಮುಂದೆ ದೀಪ ಹಚ್ಚಿದ್ದರು.

“ಅವ್ವ ಹ್ವಾದ ಮಂಗಳವಾರ ಹೋದ್ಲರಿ,” ಎಂದ ನಿಂಗರಾಜ. “ಕಡೀಕ ಮೂರು ದಿನ ಎಚ್ಚರ ಇತ್ತು. ಚಮಚೆದಾಗ ನೀರು ಹಿಡಿದ್ರ ನನ್ನ ನೋಡಿ ಬಾಯಿ ಮುಚ್ಚಿಕೊಂಡ್ಲು. ಬಾಜೂಮನಿಯವರು ಬಂದು ಹಾಕಿದ್ರು.”

ಕಸ್ತೂರಿಗೆ ಕೈಯಲ್ಲಿದ್ದ ಲಕೋಟೆಯನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಕೊನೆಗೆ ಅವನ ಮುಂದೆ ಚಾಪೆಯ ಮೇಲಿಟ್ಟು, ಎಲ್ಲ ಇದರಲ್ಲಿ ಬರೆದು ಸಹಿ ಮಾಡಿದ್ದೇನೆ, ಯಾರಿಗೆ ಬೇಕಾದರೂ ತೋರಿಸು ಎಂದಳು. ನಿಂಗರಾಜ ಅದನ್ನು ತೆಗೆದುಕೊಂಡ. ಒಡೆದು ನೋಡಲಿಲ್ಲ. ಸಿಟ್ಟಿಲ್ಲದ ದನಿಯಲ್ಲಿ, ನಿಜಕ್ಕೂ ಉತ್ತರ ಬೇಕಿದ್ದವನಂತೆ ಕೇಳಿದ.

“ಇದನ್ನ ಈಗ ಯಾರಿಗೆ ಓದಿ ಹೇಳ್ಲಿ ಅಕ್ಕಾರ?”

ಅಡುಗೆಮನೆಯಿಂದ ಅವನ ಹೆಂಡತಿ ಹೊರಗೆ ಬಂದು, ಯಾರ್ರೀ ಅವರು ಎಂದು ಗಂಡನನ್ನು ಕೇಳಿದಳು.